ಬಹಸ್, ಪಾಲಾ ಮತ್ತು ಪ್ರಶ್ನೆ: ಪೂರ್ವ ಬಂಗಾಳದ ಮುಸ್ಲಿಮ್ ಸಮಾಜದಲ್ಲಿ ನಂಬಿಕೆಯನ್ನು ಕುರಿತ ಸಂವಾದಗಳು

ಬಂಗಾಳದ ಬೌದ್ಧಿಕ ಚರಿತ್ರೆಯನ್ನು ಬರೆದವರು ವಿಚಾರ ಸ್ವಾತಂತ್ರ್ಯದ ಕಥನವನ್ನು ಸಾಮಾನ್ಯವಾಗಿ ಕಲ್ಕತ್ತೆಯ ಹಿಂದೂ ಕಾಲೇಜಿನಿಂದ, ಡಿರೋಜಿಯೋ ಮತ್ತು ಅವನ ಶಿಷ್ಯವರ್ಗದಿಂದ ಆರಂಭಿಸುತ್ತಾರೆ. ಮುಸ್ಲಿಮ್ ಸಮಾಜದ ಪ್ರಸ್ತಾಪ ಬಂದಾಗ ಢಾಕಾದಲ್ಲಿ 1926ರಲ್ಲಿ ಸ್ಥಾಪನೆಗೊಂಡ ಮುಸ್ಲಿಮ್ ಸಾಹಿತ್ಯ ಸಮಾಜದ ಹೆಸರನ್ನು ಹೇಳಿ ಮುಂದಕ್ಕೆ ಸಾಗುತ್ತಾರೆ. ಈ ಎರಡೂ ನಿರೂಪಣೆಗಳಲ್ಲಿ ಪ್ರಶ್ನೆ ಕೇಳುವವರು ಇಂಗ್ಲಿಷ್ ಬಲ್ಲ ನಗರವಾಸಿಗಳು. ಹಳ್ಳಿಯವರು ನಂಬುವವರು, ಹೆಚ್ಚೆಂದರೆ ಹಾಡುವವರು. ಜಾನಪದ ಅಧ್ಯಯನದ ದಾರಿಯಿಂದ ಬಂದವರಿಗೆ ಈ ವಿಂಗಡಣೆ ಸುಲಭವಾಗಿ ಒಪ್ಪಿಗೆಯಾಗುವುದಿಲ್ಲ. ದೇವರ ಸ್ವರೂಪ, ಆತ್ಮದ ನೆಲೆ, ಪರಲೋಕದ ಸಾಧ್ಯತೆ ಇವುಗಳನ್ನು ಕುರಿತು ಗ್ರಾಮಸಮಾಜ ತನ್ನದೇ ಆದ ವಾದಪದ್ಧತಿಗಳನ್ನು ರೂಪಿಸಿಕೊಂಡಿರುತ್ತದೆ ಎಂಬುದು ನಮ್ಮ ನಾಡಿನ ಲಾವಣಿ ಮೇಳಗಳನ್ನು ಒಂದು ರಾತ್ರಿ ಕುಳಿತು ಕೇಳಿದವರಿಗೂ ತಿಳಿದ ಸಂಗತಿ.

ಪ್ರಸ್ತುತ ಲೇಖನವು ಪೂರ್ವ ಬಂಗಾಳದ ಬರಿಶಾಲ ಪ್ರದೇಶವನ್ನು ಮುಖ್ಯ ನೆಲೆಯಾಗಿಟ್ಟುಕೊಂಡು, ಮುಸ್ಲಿಮ್ ಶ್ರದ್ಧಾವಂತರು ಮತ್ತು ಮಾನವತಾವಾದಿಗಳ ನಡುವೆ ನಡೆದ ಸಂವಾದಗಳ ಕೆಲವು ಘಟ್ಟಗಳನ್ನು ಪರಿಶೀಲಿಸುತ್ತದೆ. ‘ಮಾನವತಾವಾದಿ’ ಎಂಬ ಪದವನ್ನು ಇಲ್ಲಿ ನಾಸ್ತಿಕ ಎಂಬುದಕ್ಕೆ ಪರ್ಯಾಯವಾಗಿ ಬಳಸಿಲ್ಲ. ಮನುಷ್ಯನ ಬುದ್ಧಿ ಮತ್ತು ಅನುಭವಗಳನ್ನು ಕೊನೆಯ ಪ್ರಮಾಣವೆಂದು ಒಪ್ಪಿದವರೆಲ್ಲರೂ ಈ ಹೆಸರಿಗೆ ಸಲ್ಲುತ್ತಾರೆ. ಅವರಲ್ಲಿ ನಮಾಜು ಬಿಡದವರೂ ಇದ್ದರು.

1

ಮೊದಲು ಬಹಸ್. ಅರಬ್ಬೀ ಮೂಲದ ಈ ಪದಕ್ಕೆ ವಾದ, ಚರ್ಚೆ ಎಂಬ ಅರ್ಥವಿದೆ. ಹತ್ತೊಂಬತ್ತನೆಯ ಶತಮಾನದ ಬಂಗಾಳದಲ್ಲಿ ಅದು ಒಂದು ಸಾರ್ವಜನಿಕ ಸಂಸ್ಥೆಯೇ ಆಗಿತ್ತು. ಎರಡು ಪಕ್ಷಗಳ ಮೌಲ್ವಿಗಳು ಗೊತ್ತಾದ ದಿನ ಬಯಲಿನಲ್ಲಿ ಸೇರುವುದು, ಮಧ್ಯಸ್ಥರನ್ನು ನೇಮಿಸಿಕೊಳ್ಳುವುದು, ಸುತ್ತಲ ಹಳ್ಳಿಗಳ ಜನ ಜಾತ್ರೆಗೆ ಬಂದಂತೆ ಬಂದು ಕೇಳುವುದು ವಾಡಿಕೆಯಾಗಿತ್ತು. ಬ್ರಿಟಿಷರ ಆಳ್ವಿಕೆಯಲ್ಲಿ ಶುಕ್ರವಾರದ ಸಾಮೂಹಿಕ ಪ್ರಾರ್ಥನೆ ಸಿಂಧುವೇ ಎಂಬ ಪ್ರಶ್ನೆಯನ್ನು ಕುರಿತು ಕರಾಮತ್ ಅಲಿ ಜೌನ್‌ಪುರಿ ಮತ್ತು ಫರಾಯಿಜಿ ಪಂಥದ ಅಬ್ದುಲ್ ಜಬ್ಬಾರ್ ಅವರ ನಡುವೆ 1867ರಲ್ಲಿ ನಡೆದ ಪ್ರಸಿದ್ಧ ಬಹಸ್‌ಗೆ ಬರಿಶಾಲವೇ ವೇದಿಕೆಯಾಗಿತ್ತು. ಇಂಥ ಬಹಸ್‌ಗಳಲ್ಲಿ ಗೆದ್ದವರು ಯಾರೆಂಬುದು ಸುಲಭವಾಗಿ ಇತ್ಯರ್ಥವಾಗುತ್ತಿರಲಿಲ್ಲ. ಎರಡೂ ಕಡೆಯವರು ತಮ್ಮದೇ ಗೆಲುವೆಂದು ಪುಸ್ತಿಕೆ ಅಚ್ಚುಹಾಕಿಸಿ ಹಂಚುತ್ತಿದ್ದುದುಂಟು. ಈ ಸ್ಪರ್ಧೆಗಳು ಸಮುದಾಯವನ್ನು ಒಡೆದವು ಎಂಬ ಇತಿಹಾಸಕಾರರ ಮಾತು ನಿಜವೇ. ಆದರೆ ಅವು ಮತ್ತೊಂದನ್ನೂ ಮಾಡಿದವು. ಧರ್ಮದ ವಿಷಯದಲ್ಲಿ ಎದುರು ಮಾತು ಆಡಬಹುದು, ಆಡಿದ ಮಾತಿಗೆ ಪ್ರಮಾಣ ಕೇಳಬಹುದು ಎಂಬುದನ್ನು ಅಕ್ಷರವಿಲ್ಲದ ರೈತನಿಗೂ ರೂಢಿಮಾಡಿಸಿದವು.

ಜಸೋರದ ಮುನ್ಶಿ ಮೆಹೆರುಲ್ಲಾ (1861–1907) ಈ ಪದ್ಧತಿಯನ್ನು ಕ್ರೈಸ್ತ ಮಿಷನರಿಗಳೊಡನೆಯ ವಾದಕ್ಕೆ ತಿರುಗಿಸಿದವರು. ವೃತ್ತಿಯಿಂದ ದರ್ಜಿ. ಕ್ರೈಸ್ತಮತ ಸ್ವೀಕರಿಸಿದ್ದ ಜಮೀರುದ್ದೀನ್ ಎಂಬವರು ಕುರ್‌ಆನ್ ಕುರಿತು ಪತ್ರಿಕೆಯಲ್ಲಿ ಎತ್ತಿದ ಪ್ರಶ್ನೆಗಳಿಗೆ ಮೆಹೆರುಲ್ಲಾ ಪತ್ರಿಕೆಯಲ್ಲಿಯೇ ಉತ್ತರ ಕೊಟ್ಟರು. ಜಮೀರುದ್ದೀನ್ ಮತ್ತೆ ಇಸ್ಲಾಮಿಗೆ ಮರಳಿ ಅವರ ಸಹಚರರೇ ಆದರು. ಬಯಲಿನ ಮಾತು ಅಚ್ಚಿಗೆ ಬಂದ ಈ ಪ್ರಸಂಗದಲ್ಲಿ ಗಮನಿಸಬೇಕಾದುದು, ಪ್ರಶ್ನೆಗೆ ಉತ್ತರವೇ ಪ್ರತಿಕ್ರಿಯೆಯಾಗಿ ಬಂದಿತೆಂಬುದನ್ನು. ಮುಂದಿನ ಘಟ್ಟಗಳಲ್ಲಿ ಇದು ಇಷ್ಟು ಸರಳವಾಗಿ ಉಳಿಯಲಿಲ್ಲ.

ಬಹಸ್ ವಿದ್ವಾಂಸರದಾದರೆ ಪಾಲಾಗಾನ ಹಾಡುಗಾರರದು. ಇಬ್ಬರು ಬಯಾತಿಗಳು ಎದುರುಬದುರಾಗಿ ನಿಂತು ಶರೀಅತ್–ಮಾರಿಫತ್, ಗುರು–ಶಿಷ್ಯ, ಜೀವ–ಪರಮ, ನಾರಿ–ಪುರುಷ ಎಂಬ ಜೋಡಿಗಳಲ್ಲಿ ಒಂದೊಂದು ಪಕ್ಷ ಹಿಡಿದು ಇರುಳೆಲ್ಲ ವಾದಿಸುತ್ತಾರೆ. ಒಬ್ಬ ಪ್ರಶ್ನೆಯನ್ನು ಹಾಡಿನ ಕೊನೆಯಲ್ಲಿ ಎಸೆದು ಕುಳಿತರೆ ಮತ್ತೊಬ್ಬ ಅದನ್ನು ಬಿಡಿಸದೆ ತನ್ನ ಪ್ರಶ್ನೆಯನ್ನು ಇಡುವಂತಿಲ್ಲ. ಶರೀಅತ್‌ನ ಪಕ್ಷದವನು ಬಾಹ್ಯ ಆಚರಣೆಗಳ ಅಗತ್ಯವನ್ನು ಸಮರ್ಥಿಸಿದರೆ ಮಾರಿಫತ್‌ನ ಪಕ್ಷದವನು ಒಳಗಿನ ಅರಿವನ್ನು ಎತ್ತಿಹಿಡಿಯುತ್ತಾನೆ. ಬಂಗಾಳದ ಕವಿಗಾನದ ಸವಾಲು–ಉತ್ತರಗಳ ಕ್ರಮವೂ ಇದೇ ಜಾತಿಯದು.

ಉತ್ತರ ಕರ್ನಾಟಕದ ಹರದೇಶಿ–ನಾಗೇಶಿ ಮೇಳಗಳನ್ನು ಬಲ್ಲ ಓದುಗರಿಗೆ ಇದರ ಪರಿಚಯವನ್ನು ಹೆಚ್ಚಾಗಿ ಮಾಡಿಕೊಡಬೇಕಾಗಿಲ್ಲ. ತುರಾಯಿ ಮತ್ತು ಕಲ್ಗಿ ಪಂಥಗಳ ಮೂಲವನ್ನು ತುಕನಗೀರ್ ಎಂಬ ಗೋಸಾವಿ ಮತ್ತು ಷಾ ಅಲಿ ಎಂಬ ಫಕೀರರಿಗೆ ಒಯ್ಯುವ ಐತಿಹ್ಯ ನಮ್ಮಲ್ಲಿಯೂ ಮಹಾರಾಷ್ಟ್ರ, ಮಧ್ಯ ಭಾರತಗಳಲ್ಲಿಯೂ ಇದೆ. ಮೊಹರಂ ಕಾಲದ ರಿವಾಯತ್ ಪದಗಳಲ್ಲಿಯೂ ಸವಾಲು–ಜವಾಬಿನ ಗತ್ತು ಉಂಟು. ಆದರೆ ಒಂದು ವ್ಯತ್ಯಾಸವಿದೆ, ಅದು ಸಣ್ಣದಲ್ಲ. ನಮ್ಮ ಮೇಳಗಳಲ್ಲಿ ಪಕ್ಷವೆಂಬುದು ಗುರುಪರಂಪರೆಯಿಂದ ಬಂದದ್ದು. ಹರದೇಶಿಯವರು ಹರದೇಶಿಯವರಾಗಿಯೇ ಉಳಿಯುತ್ತಾರೆ. ಬಂಗಾಳದ ಬಯಾತಿಗೆ ಪಕ್ಷ ಆ ರಾತ್ರಿಗಷ್ಟೇ ಸೇರಿದ್ದು. ಇಂದು ಶರೀಅತ್‌ಗೆ ವಾದಿಸಿದವನು ನಾಳೆ ಬೇರೊಂದು ಊರಿನಲ್ಲಿ ಮಾರಿಫತ್‌ಗೆ ವಾದಿಸಬೇಕಾಗಬಹುದು. ಆದ್ದರಿಂದ ಅವನು ಎರಡೂ ಕಡೆಯ ಪ್ರಮಾಣಗಳನ್ನು ಕಂಠಸ್ಥ ಮಾಡಿಕೊಂಡಿರಬೇಕು, ತನ್ನ ವಾದಕ್ಕೆ ಅತ್ಯಂತ ಬಲವಾದ ಎದುರುವಾದ ಯಾವುದೆಂದು ತಿಳಿದಿರಬೇಕು. ಎದುರಾಳಿಯ ಮಾತನ್ನು ತನ್ನ ಬಾಯಲ್ಲಿ ಆಡಿ ನೋಡುವ ಈ ಅಭ್ಯಾಸ ಶಾಸ್ತ್ರಪಾಠಶಾಲೆಗಳಲ್ಲಿಯೂ ಅಪರೂಪ ಎಂದು ನನ್ನ ಭಾವನೆ.

ಈ ಪರಂಪರೆ ನಿರಾತಂಕವಾಗಿ ನಡೆದುಬಂದಿತೆಂದು ಭಾವಿಸುವುದು ತಪ್ಪಾದೀತು. ಲಾಲನ್ ಫಕೀರರು 1890ರಲ್ಲಿ ಕುಷ್ಟಿಯಾದ ಛೇಉಡಿಯಾದಲ್ಲಿ ತೀರಿಕೊಂಡ ಕೆಲವೇ ದಶಕಗಳಲ್ಲಿ ಬಾವುಲರ ವಿರುದ್ಧ ಫತ್ವಾಗಳು ಅಚ್ಚಾಗಿ ಬಂದವು. ಬಾವುಲ ಹಾಡುಗಳಿಗೆ ಯುನೆಸ್ಕೋದ ಮನ್ನಣೆ ದೊರೆತದ್ದು 2005ರಲ್ಲಿ. ಹದಿನೈದು ವರ್ಷಗಳ ತರುವಾಯ, 2020ರ ಜನವರಿಯಲ್ಲಿ, ಸಂಗೀತಕ್ಕೆ ಕುರ್‌ಆನಿನಲ್ಲಿ ನಿಷೇಧವಿಲ್ಲವೆಂದು ಪಾಲಾದ ನಡುವೆ ಹೇಳಿದ್ದಕ್ಕಾಗಿ ಶರಿಯತ್ ಬಯಾತಿ ಎಂಬ ಗಾಯಕರನ್ನು ಬಾಂಗ್ಲಾದೇಶದಲ್ಲಿ ಬಂಧಿಸಲಾಯಿತು. ಪಾಲಾದಲ್ಲಿ ಪಕ್ಷವಹಿಸಿ ಆಡಿದ ಮಾತು ಮೊಬೈಲ್ ದೂರವಾಣಿಯಲ್ಲಿ ಸೆರೆಯಾಗಿ ಆವರಣದಿಂದ ಹೊರಬಿದ್ದಾಗ, ಅದು ವೈಯಕ್ತಿಕ ಹೇಳಿಕೆಯಾಗಿ, ಅಲ್ಲಿಂದ ಅಪರಾಧವಾಗಿ ಪರಿಣಮಿಸುತ್ತದೆ. ಪ್ರದರ್ಶನ ಸಂದರ್ಭದಿಂದ ಪಠ್ಯವನ್ನು ಬೇರ್ಪಡಿಸಿದರೆ ಅರ್ಥ ಕೆಡುತ್ತದೆ ಎಂದು ನಾವು ತರಗತಿಗಳಲ್ಲಿ ಹೇಳುವ ಮಾತಿಗೆ ಇಂಥ ನಿದರ್ಶನವೂ ಇದೆ.

2

ಢಾಕಾದ ಮುಸ್ಲಿಮ್ ಸಾಹಿತ್ಯ ಸಮಾಜದ ವಿಷಯ ಹೆಚ್ಚು ಪರಿಚಿತವಾದುದರಿಂದ ಇಲ್ಲಿ ಸಂಕ್ಷೇಪವಾಗಿ ಹೇಳಿದರೆ ಸಾಕು. ಅಬುಲ್ ಹುಸೇನ್, ಕಾಜಿ ಅಬ್ದುಲ್ ವದೂದ್, ಕಾಜಿ ಮೊತಾಹರ್ ಹುಸೇನ್ ಮೊದಲಾದ ತರುಣ ಅಧ್ಯಾಪಕರು ಕಟ್ಟಿದ ಈ ಸಂಘದ ವಾರ್ಷಿಕ ಪತ್ರಿಕೆ ‘ಶಿಖಾ’ 1927ರಿಂದ ಐದು ಸಂಚಿಕೆಗಳನ್ನು ಕಂಡಿತು. ಅವರ ಚಟುವಟಿಕೆಗೆ ‘ಬುದ್ಧಿಯ ಮುಕ್ತಿ’ ಎಂಬ ಹೆಸರು ನಿಂತಿತು. ಇವರು ಇಸ್ಲಾಮನ್ನು ತೊರೆದವರಲ್ಲ. ವದೂದರು ಪ್ರವಾದಿಯವರ ಜೀವನ ಮತ್ತು ಇಸ್ಲಾಮನ್ನು ಕುರಿತು ಗ್ರಂಥವನ್ನೇ ಬರೆದರು. ಮೊತಾಹರ್ ಹುಸೇನರು ಸಂಖ್ಯಾಶಾಸ್ತ್ರಜ್ಞರು, ಚದುರಂಗದಲ್ಲಿ ಹೆಸರಾದವರು. ಅವರೆಲ್ಲರ ಬೇಡಿಕೆ ಇಷ್ಟೇ: ಒಂದು ಕಾಲದಲ್ಲಿ ಒಂದು ಸಮಾಜಕ್ಕೆ ಬಂದ ವಿಧಿಗಳನ್ನು ಇಂದಿನ ಬುದ್ಧಿಯಿಂದ ಪರೀಕ್ಷಿಸಲು ಅವಕಾಶವಿರಬೇಕು.

ಅಬುಲ್ ಹುಸೇನರು ‘ಆದೇಶೇರ್ ನಿಗ್ರಹ’ ಎಂಬ ಪ್ರಬಂಧದಲ್ಲಿ ಇದನ್ನು ನೇರವಾಗಿ ಬರೆದಾಗ 1929ರಲ್ಲಿ ಅವರನ್ನು ಢಾಕಾದ ನವಾಬರ ನಿವಾಸವಾದ ಅಹ್ಸಾನ್ ಮಂಜಿಲ್‌ಗೆ ಕರೆಸಿ ವಿಚಾರಣೆ ನಡೆಸಿ ಕ್ಷಮಾಪತ್ರ ಬರೆಸಿಕೊಳ್ಳಲಾಯಿತು. ಅವರು ಸಮಾಜದ ಹೊಣೆಯಿಂದ ಹಿಂದೆ ಸರಿದರು. ಕೆಲಕಾಲದಲ್ಲಿ ವಿಶ್ವವಿದ್ಯಾಲಯದ ಕೆಲಸವನ್ನೂ ಬಿಟ್ಟು ಕಲ್ಕತ್ತೆಗೆ ಹೋಗಿ ವಕೀಲಿ ಹಿಡಿದರು. 1938ರಲ್ಲಿ ತೀರಿಕೊಂಡಾಗ ಅವರಿಗೆ ಇನ್ನೂ ವಯಸ್ಸಾಗಿರಲಿಲ್ಲ. ಬಹಸ್‌ನಲ್ಲಿ ಕನಿಷ್ಠ ಎರಡು ಪೀಠಗಳಿರುತ್ತಿದ್ದವು. ಅಹ್ಸಾನ್ ಮಂಜಿಲ್‌ನಲ್ಲಿ ಇದ್ದದ್ದು ಒಂದೇ ಪೀಠ, ಎದುರಿಗೆ ನಿಂತ ಒಬ್ಬ ಮನುಷ್ಯ.

3

ಅರಜ್ ಅಲಿ ಮಾತುಬ್ಬರ್ ಹುಟ್ಟಿದ್ದು 1900ರ ಡಿಸೆಂಬರಿನಲ್ಲಿ, ಬರಿಶಾಲ ಪಟ್ಟಣಕ್ಕೆ ಸಮೀಪದ ಲಾಮ್‌ಚರಿ ಎಂಬ ಹಳ್ಳಿಯಲ್ಲಿ. ಊರಿನ ಹೆಸರಿನಲ್ಲಿಯೇ ‘ಚರ’ ಇದೆ. ನದಿ ತಂದು ಒಟ್ಟಿದ ಮೆಕ್ಕಲು ನೆಲಕ್ಕೆ ಚರವೆನ್ನುತ್ತಾರೆ. ನದಿ ಅದನ್ನು ಮತ್ತೆ ನುಂಗಲೂಬಹುದು. ನಾಲ್ಕನೆಯ ವಯಸ್ಸಿನಲ್ಲಿ ತಂದೆ ತೀರಿಕೊಂಡರು. ಕಂದಾಯ ಕಟ್ಟಲಾಗದೆ ಜಮೀನು ಹರಾಜಾಯಿತು, ಸಾಲಕ್ಕೆ ಮನೆಯೂ ಹೋಯಿತು. ತಾಯಿ ಕಂಡವರ ಮನೆಯಲ್ಲಿ ದುಡಿದು ಮಗನನ್ನು ಸಾಕಿದರು. ಊರಿನ ಮಕ್ತಬಿನಲ್ಲಿ ಕೆಲವು ಕಾಲ ಕಲಿತದ್ದಷ್ಟೇ ಅವರ ಶಾಲಾ ವಿದ್ಯೆ. ಉಳಿದದ್ದೆಲ್ಲ ಸ್ವಂತ ದುಡಿಮೆ. ಬೇಸಾಯದ ಜೊತೆಗೆ ಅಮೀನ ವೃತ್ತಿಯನ್ನು ಕಲಿತರು. ನಮ್ಮ ಕಡೆ ಅಮೀನನೆಂದರೆ ನ್ಯಾಯಾಲಯದ ನೋಟೀಸು ತರುವವನು; ಬಂಗಾಳದಲ್ಲಿ ಸರಪಳಿ ಹಿಡಿದು ಜಮೀನು ಅಳೆಯುವವನು. ನೆಲ ಇಂದಿದ್ದಂತೆ ನಾಳೆ ಇರದ ಚರಪ್ರದೇಶದಲ್ಲಿ ಅಳತೆಗಾರನ ಮಾತಿಗೆ ಎಷ್ಟು ಬೆಲೆಯಿದ್ದೀತೆಂಬುದನ್ನು ಊಹಿಸಬಹುದು. ಬರಿಶಾಲದ ಸಾರ್ವಜನಿಕ ಗ್ರಂಥಾಲಯ ಅವರ ವಿಶ್ವವಿದ್ಯಾಲಯವಾಯಿತು. ಬ್ರಜಮೋಹನ ಕಾಲೇಜಿನ ತತ್ವಶಾಸ್ತ್ರದ ಅಧ್ಯಾಪಕ ಕಾಜಿ ಗುಲಾಮ್ ಕಾದಿರ್ ಅವರು ಪುಸ್ತಕಗಳನ್ನು ಒದಗಿಸಿದರು.

1932ರಲ್ಲಿ ತಾಯಿ ತೀರಿಕೊಂಡರು. ಆಕೆಯ ನೆನಪಿಗೆಂದು ಮಗ ಮೃತದೇಹದ ಛಾಯಾಚಿತ್ರವನ್ನು ತೆಗೆಸಿದ. ಜನಾಜಾ ನಮಾಜಿಗೆ ಬಂದಿದ್ದ ಮೌಲ್ವಿಗಳೂ ಊರವರೂ ಚಿತ್ರ ತೆಗೆಸುವುದು ನಿಷಿದ್ಧವೆಂದು ಹೇಳಿ ಹೊರಟುಹೋದರು. ಕೆಲವೇ ಮಂದಿ ಸೇರಿ ಜನಾಜಾ ಇಲ್ಲದೆಯೇ ದಫನು ಮಾಡಬೇಕಾಯಿತು. ಮಾತುಬ್ಬರರು ಆಮೇಲೆ ಮಂಡಿಸಿದ ತರ್ಕ ಸರಳವಾದದ್ದು. ಚಿತ್ರ ತೆಗೆಸಿದ್ದು ತಪ್ಪೆಂದಾದರೆ ಆ ತಪ್ಪು ತನ್ನದು. ತಾಯಿ ಜೀವನವಿಡೀ ನಮಾಜು, ರೋಜಾಗಳನ್ನು ತಪ್ಪಿಸದ ಹೆಂಗಸು. ಮಗನ ತಪ್ಪಿಗೆ ಆಕೆಗೆ ಶಿಕ್ಷೆ ಯಾವ ನ್ಯಾಯ?

ಈ ಪ್ರಸಂಗವನ್ನು ಅವರ ಜೀವನಚರಿತ್ರೆಕಾರರು ನಂಬಿಕೆಯಿಂದ ಅಪನಂಬಿಕೆಗೆ ದಾಟಿದ ಗಳಿಗೆಯೆಂದು ವರ್ಣಿಸುತ್ತಾರೆ. ಅಷ್ಟು ಅವಸರ ಬೇಡ. ಜನಾಜಾ ಎಂಬುದು ಪರಲೋಕದ ಚೀಟಿಯಷ್ಟೇ ಅಲ್ಲ. ಸತ್ತವರು ನಮ್ಮವರೆಂದು ಊರು ಸಾಲಾಗಿ ನಿಂತು ಒಪ್ಪಿಕೊಳ್ಳುವ ಕ್ರಿಯೆ ಅದು. ಅದನ್ನು ನಿರಾಕರಿಸಿದಾಗ ಮಗನಿಗೆ ಆದ ನೋವು ದೇವತಾಶಾಸ್ತ್ರದ್ದಲ್ಲ. ತಾಯಿಗೆ ಜನಾಜಾ ಆಗಲೇಬೇಕಿತ್ತು ಎಂಬ ಹಂಬಲದಿಂದ ಹೊರಟ ಮನುಷ್ಯ ಆತ. ಅವರ ಪ್ರಶ್ನೆಗಳಲ್ಲಿ ಕೊನೆಯವರೆಗೂ ಉಳಿದ ಒಂದು ಬಗೆಯ ವಿನಯಕ್ಕೆ ಕಾರಣ ಇದೇ ಇರಬೇಕು.

ಆಮೇಲಿನ ಎರಡು ದಶಕ ಅವರು ಓದಿದರು, ಊರವರೊಡನೆ ಮಾತನಾಡಿದರು. ಸುದ್ದಿ ಹಬ್ಬಿತು. 1951ರಲ್ಲಿ ಬರಿಶಾಲದ ಮ್ಯಾಜಿಸ್ಟ್ರೇಟರೊಬ್ಬರು, ತಬ್ಲೀಗ್ ಜಮಾತಿನ ನಿಷ್ಠಾವಂತರು, ಈ ರೈತನಿಗೆ ತಿಳಿಹೇಳಬೇಕೆಂದು ಲಾಮ್‌ಚರಿಗೇ ಬಂದರು. ಮಾತುಕತೆ ನಡೆಯಿತು. ಮಾತುಬ್ಬರರು ತಮ್ಮ ಪ್ರಶ್ನೆಗಳನ್ನು ಇಟ್ಟರು. ಸಮರ್ಪಕ ಉತ್ತರ ದೊರೆಯಲಿಲ್ಲ. ತರುವಾಯ ದೊರೆತದ್ದು ವಾರಂಟು; ಆಪಾದನೆ, ಕಮ್ಯುನಿಸ್ಟ್ ಎಂಬುದು. ಪಾಕಿಸ್ತಾನದ ಆ ದಿನಗಳಲ್ಲಿ ಇದು ಹಗುರವಾದ ಮಾತಾಗಿರಲಿಲ್ಲ. ಪೊಲೀಸರು ಲಿಖಿತ ಹೇಳಿಕೆ ಕೇಳಿದಾಗ ಅವರು ತಮ್ಮ ಪ್ರಶ್ನೆಗಳ ಪಟ್ಟಿಯನ್ನೇ ಬರೆದು ಒಪ್ಪಿಸಿದರು. ತಮ್ಮ ಮತವನ್ನು ಪ್ರಚಾರ ಮಾಡಕೂಡದು, ಪುಸ್ತಕವಾಗಿಸಕೂಡದು ಎಂಬ ಷರತ್ತಿನ ಮೇಲೆ ಪ್ರಕರಣದಿಂದ ಪಾರಾದರು. ಬಾಂಗ್ಲಾದೇಶ ಸ್ವತಂತ್ರವಾಗುವವರೆಗೆ ಆ ಹಸ್ತಪ್ರತಿ ಕಾದಿತ್ತು. ‘ಸತ್ಯೇರ್ ಸಂಧಾನ್’ (ಸತ್ಯದ ಶೋಧ) ಎಂಬ ಹೆಸರಿನಲ್ಲಿ ಅದು ಅಚ್ಚಾದದ್ದು 1973ರಲ್ಲಿ. ಪೊಲೀಸು ಹೇಳಿಕೆಯೊಂದು ತತ್ವಗ್ರಂಥವಾಗಿ ಬೆಳೆದ ಇಂಥ ನಿದರ್ಶನ ನಮ್ಮ ಉಪಖಂಡದಲ್ಲಿ ಇನ್ನೊಂದು ಇದ್ದರೆ ನನಗೆ ಕಂಡಿಲ್ಲ.

4

ಕೃತಿಯ ಸ್ವರೂಪವನ್ನು ಸ್ವಲ್ಪ ವಿವರವಾಗಿ ನೋಡಬೇಕು. ಆತ್ಮ, ಈಶ್ವರ, ಪರಲೋಕ, ಧರ್ಮ, ಪ್ರಕೃತಿ, ವಿವಿಧ ಎಂಬ ಆರು ಭಾಗಗಳಲ್ಲಿ ಪ್ರಶ್ನೆಗಳು ಸಾಲುಗೊಂಡಿವೆ. ಆತ್ಮಕ್ಕೆ ಆಕಾರವಿದೆಯೇ, ಅದು ದೇಹಕ್ಕೆ ಹೇಗೆ ಬಂದು ಹೇಗೆ ಹೋಗುತ್ತದೆ. ಸಕಲವೂ ದೇವರ ಇಚ್ಛೆಯಾದರೆ ಪಾಪಕ್ಕೆ ಮನುಷ್ಯ ಹೊಣೆಯಾಗುವುದು ಹೇಗೆ. ಪೂರ್ಣ ನ್ಯಾಯ ಮತ್ತು ಪೂರ್ಣ ದಯೆ ಒಬ್ಬನಲ್ಲಿಯೇ ಸೇರಿರಲು ಸಾಧ್ಯವೇ ಎಂಬ ಬಗೆಯವು. ಇವುಗಳಲ್ಲಿ ಅನೇಕ ಪ್ರಶ್ನೆಗಳು ಹೊಸವಲ್ಲ. ಮುತಜಿಲಾ ಪಂಡಿತರು ಬಸ್ರಾ, ಬಾಗ್ದಾದುಗಳಲ್ಲಿ ವಿಧಿ ಮತ್ತು ಹೊಣೆಗಾರಿಕೆಯ ಪ್ರಶ್ನೆಯನ್ನು ಸಾವಿರ ವರ್ಷಗಳಿಗೂ ಹಿಂದೆ ಚರ್ಚಿಸಿದ್ದರು. ಪಾಲಾಗಾಯಕರ ಬಾಯಲ್ಲಿಯೂ ಜೀವ–ಪರಮದ ಪ್ರಶ್ನೆಗಳಿವೆ. ಮಾತುಬ್ಬರರ ಕೃತಿಯಲ್ಲಿ ಪ್ರಶ್ನೆ ಮುಗಿದೊಡನೆ ಮತ್ತೊಂದು ಪ್ರಶ್ನೆ ಬರುತ್ತದೆ, ಉತ್ತರದ ಜಾಗ ಬರಿದಾಗಿರುತ್ತದೆ. ಎದುರು ಬಯಾತಿ ಎದ್ದು ನಿಲ್ಲಲೆಂದು ಬಿಟ್ಟ ಜಾಗದಂತೆ ಅದು ನನಗೆ ತೋರುತ್ತದೆ. ಪಾಶ್ಚಾತ್ಯ ವಿಚಾರವಾದಿಗಳ ಪ್ರಭಾವದಿಂದಲೇ ಈ ರೂಪ ಬಂದಿತೆನ್ನುವವರು ಬಹಸ್ ಮತ್ತು ಪಾಲಾಗಳ ನೆಲದಲ್ಲಿ ಈ ಮನುಷ್ಯ ಬೆಳೆದನೆಂಬುದನ್ನು ಮರೆಯುತ್ತಾರೆ.

ಆದರೆ ಒಂದು ಪ್ರಶ್ನೆ ಸಂಪೂರ್ಣವಾಗಿ ಅಮೀನನದು. ಮುಸ್ಲಿಮ್ ದಾಯವಿಧಿಯ ಪ್ರಕಾರ ಆಸ್ತಿ ಹಂಚುವಾಗ ಒಬ್ಬ ಮೃತನಿಗೆ ತಂದೆ, ತಾಯಿ, ಇಬ್ಬರು ಹೆಣ್ಣುಮಕ್ಕಳು ಮತ್ತು ಹೆಂಡತಿ ಇದ್ದಾರೆಂದು ಇಟ್ಟುಕೊಳ್ಳೋಣ. ತಂದೆಗೆ ಆರರಲ್ಲೊಂದು, ತಾಯಿಗೆ ಆರರಲ್ಲೊಂದು, ಹೆಣ್ಣುಮಕ್ಕಳಿಬ್ಬರಿಗೂ ಸೇರಿ ಮೂರರಲ್ಲೆರಡು, ಹೆಂಡತಿಗೆ ಎಂಟರಲ್ಲೊಂದು ಪಾಲು. ಜಮೀನನ್ನು 24 ಭಾಗ ಮಾಡಿದರೆ ಕ್ರಮವಾಗಿ 4, 4, 16 ಮತ್ತು 3 ಭಾಗಗಳು ಬೇಕು. ಒಟ್ಟು 27. ಇರುವುದು 24. ಗ್ರಂಥದ ಮಾತಿನಂತೆ ಸರಪಳಿ ಎಳೆದರೆ ನೆಲ ಸಾಲುವುದಿಲ್ಲ. ನ್ಯಾಯಶಾಸ್ತ್ರಜ್ಞರು ಇದಕ್ಕೆ ‘ಔಲ್’ ಎಂಬ ಪರಿಹಾರವನ್ನು ಕಂಡುಕೊಂಡರು. ನೆಲವನ್ನು 27 ಭಾಗವೆಂದೇ ಎಣಿಸಿ ಎಲ್ಲರ ಪಾಲನ್ನೂ ಒಂದೇ ಪ್ರಮಾಣದಲ್ಲಿ ಕುಗ್ಗಿಸುವುದು ಆ ಕ್ರಮ. ಹಾಗೆ ಹೆಂಡತಿಯ ಎಂಟರಲ್ಲೊಂದು ಒಂಬತ್ತರಲ್ಲೊಂದಾಗುತ್ತದೆ. ಹಜರತ್ ಅಲಿಯವರು ಪ್ರವಚನದ ನಡುವೆ ಮಿಂಬರಿನ ಮೇಲಿಂದಲೇ ಈ ಲೆಕ್ಕವನ್ನು ಬಿಡಿಸಿದರೆಂಬ ಪ್ರತೀತಿಯಿರುವುದರಿಂದ ಇದಕ್ಕೆ ‘ಮಿಂಬರಿಯಾ’ ಎಂಬ ಹೆಸರೂ ಇದೆ. ಮಾತುಬ್ಬರರ ಪ್ರಶ್ನೆಯ ಸಾರವಿಷ್ಟು: ವಿಧಿ ದೇವರದಾದರೆ ಮನುಷ್ಯ ಅದನ್ನು ತಿದ್ದಬೇಕಾಗಿ ಬಂದದ್ದು ಹೇಗೆ? ತಿದ್ದಿದ ಮೇಲೆ ಜಾರಿಯಲ್ಲಿರುವುದು ಯಾರ ವಿಧಿ?

ಇದನ್ನು ಓದಿ ಗೆದ್ದೆವೆಂದು ಸಂತೋಷಪಡುವ ವಿಚಾರವಾದಿಗಳಿದ್ದಾರೆ. ನ್ಯಾಯವಾಗಿ ಹೇಳಬೇಕಾದರೆ ಎದುರು ಪಕ್ಷಕ್ಕೂ ಮಾತಿದೆ. ಈ ಅಡಚಣೆಯನ್ನು ಮುಸ್ಲಿಮ್ ವಿದ್ವಾಂಸರು ಮುಚ್ಚಿಡಲಿಲ್ಲ. ಮೊದಲ ತಲೆಮಾರಿನಲ್ಲಿಯೇ ಗುರುತಿಸಿ ಅದಕ್ಕೆ ಹೆಸರಿಟ್ಟು ವಿದ್ಯಾರ್ಥಿಗಳಿಗೆ ಪಾಠವಾಗಿ ಕಲಿಸಿದರು. ಇಬ್ನ್ ಅಬ್ಬಾಸರು ಔಲ್ ಕ್ರಮವನ್ನು ಒಪ್ಪಲಿಲ್ಲ. ಶಿಯಾ ಪಂಥದ ನ್ಯಾಯಶಾಸ್ತ್ರವೂ ಒಪ್ಪದೆ, ಕೊರತೆಯನ್ನು ಹೆಣ್ಣುಮಕ್ಕಳ ಪಾಲಿನಿಂದ ಕಳೆಯುವ ಬೇರೆ ದಾರಿ ಹಿಡಿಯಿತು. ಸಾಲಗಾರನ ಆಸ್ತಿ ಸಾಲದೆ ಹೋದಾಗ ಸಾಲಕೊಟ್ಟವರೆಲ್ಲರೂ ಪ್ರಮಾಣಾನುಸಾರ ನಷ್ಟ ಹೊರುವಂತೆ ಇದೂ ಎಂಬ ಸಮರ್ಥನೆ ಲಘುವಾದುದಲ್ಲ. ಅಂದರೆ ಲಾಮ್‌ಚರಿಯ ರೈತನ ಪ್ರಶ್ನೆಗೆ ಸಂಪ್ರದಾಯದ ಒಳಗೇ ಹದಿಮೂರು ಶತಮಾನಗಳ ಚರ್ಚೆ ಸಿದ್ಧವಾಗಿತ್ತು. ವಾರಂಟಿನ ಬದಲು ಆ ಚರ್ಚೆಯನ್ನು ಬಲ್ಲ ಒಬ್ಬ ಆಲಿಮರು 1951ರಲ್ಲಿ ಆ ಅಂಗಳಕ್ಕೆ ಬಂದು ಕುಳಿತಿದ್ದರೆ ಎರಡು ಕಡೆಗೂ ಲಾಭವಾಗುತ್ತಿತ್ತು. ಮನುಷ್ಯಬುದ್ಧಿಯಿಲ್ಲದೆ ಯಾವ ವಿಧಿಯೂ ನೆಲದ ಮೇಲೆ ನಿಲ್ಲದು ಎಂಬುದನ್ನು ಆ ಆಲಿಮರೂ ಒಪ್ಪಬೇಕಾಗುತ್ತಿತ್ತು. ಕೇಳಿದ್ದಕ್ಕೆಲ್ಲ ಉತ್ತರವಿಲ್ಲವೆಂಬ ತನ್ನ ಎಣಿಕೆಯನ್ನು ರೈತನೂ ಕೊಂಚ ಸಡಿಲಿಸಬೇಕಾಗುತ್ತಿತ್ತು.

5

ಮಾತುಬ್ಬರರು ಮುಂದೆ ‘ಸೃಷ್ಟಿ ರಹಸ್ಯ’ (1977) ಮೊದಲಾದ ಪುಸ್ತಕಗಳನ್ನು ಬರೆದರು. ಮುಪ್ಪಿನಲ್ಲಿ ತಮ್ಮ ದುಡಿಮೆಯ ಹಣದಿಂದ ಊರಿನಲ್ಲಿ ಗ್ರಂಥಾಲಯವೊಂದನ್ನು ಕಟ್ಟಿಸಿದರು. ಢಾಕಾದ ಬುದ್ಧಿಜೀವಿಗಳು ಅವರನ್ನು ಕಂಡುಕೊಂಡದ್ದು ತೀರ ತಡವಾಗಿ. ಕಂಡುಕೊಂಡ ಬಗೆಯಲ್ಲಿಯೂ ಒಂದು ದೋಷವಿತ್ತು. ‘ರೈತ ದಾರ್ಶನಿಕ’ ಎಂಬ ಬಿರುದು ಮೆಚ್ಚುಗೆಯೇ ಆದರೂ ಅದರ ಹಿಂದೆ ರೈತನಿಂದ ದರ್ಶನವನ್ನು ನಿರೀಕ್ಷಿಸದ ಅಚ್ಚರಿ ಇದೆ. ನಮ್ಮ ತತ್ವಪದಕಾರರಿಗೂ ಇಂಥ ಅಚ್ಚರಿಯ ಮನ್ನಣೆ ಸಿಕ್ಕಿದೆ.

ಅವರ ನಂತರ ಇದೇ ಮಾತುಗಳನ್ನು ನಗರದಲ್ಲಿ ಆಡಿದವರ ಗತಿ ಬೇರೆಯಾಯಿತು. ಮಧ್ಯಕಾಲೀನ ಬಂಗಾಳಿ ಸಾಹಿತ್ಯದ ಮಹಾ ವಿದ್ವಾಂಸ ಅಹಮದ್ ಷರೀಫ್ ಅವರನ್ನು 1992ರಲ್ಲಿ ಧರ್ಮಭ್ರಷ್ಟರೆಂದು ಘೋಷಿಸಿ ಬೀದಿಯಲ್ಲಿ ಮೆರವಣಿಗೆಗಳು ನಡೆದವು. ಹುಮಾಯೂನ್ ಆಜಾದ್ ಅವರ ಮೇಲೆ 2004ರಲ್ಲಿ ಮಾರಕ ಹಲ್ಲೆಯಾಯಿತು. ಅಭಿಜಿತ್ ರಾಯ್ ಅವರನ್ನು 2015ರ ಫೆಬ್ರವರಿಯಲ್ಲಿ ಢಾಕಾದ ಪುಸ್ತಕ ಮೇಳದ ಬಳಿಯೇ ಕೊಂದರು. ಈ ಹಿಂಸೆಯನ್ನು ಖಂಡಿಸಿದ ಶ್ರದ್ಧಾವಂತ ಮುಸ್ಲಿಮರು ಕಡಿಮೆಯಿರಲಿಲ್ಲ ಎಂಬುದನ್ನೂ ದಾಖಲಿಸಬೇಕು. ಆದರೆ ಕೊಲೆಯ ಭಯವಿರುವಲ್ಲಿ ಶ್ರದ್ಧಾವಂತನ ಉತ್ತರಕ್ಕೂ ಬೆಲೆ ತಪ್ಪುತ್ತದೆ. ಅದು ಕೇಳಿದವರ ಕಿವಿಗೆ ಬೆದರಿಕೆಯಂತೆ ಬೀಳುತ್ತದೆ.

ದೇಹದ ವಿಷಯವೊಂದು ಉಳಿದಿದೆ. ಭಾರತದಲ್ಲಿ 1970ರಲ್ಲಿ ಪುಣೆಯಲ್ಲಿ ಮುಸ್ಲಿಮ್ ಸತ್ಯಶೋಧಕ ಮಂಡಳವನ್ನು ಸ್ಥಾಪಿಸಿದ ಹಮೀದ್ ದಳವಾಯಿ 1977ರಲ್ಲಿ ತೀರಿಕೊಂಡಾಗ ಅವರ ಇಚ್ಛೆಯಂತೆ ಧಾರ್ಮಿಕ ವಿಧಿಗಳಿಲ್ಲದೆ ದಹನ ನಡೆಯಿತು. ಅಹಮದ್ ಷರೀಫರು ದೇಹವನ್ನು ವೈದ್ಯಕೀಯ ಶಿಕ್ಷಣಕ್ಕೆ ಬಿಟ್ಟುಕೊಟ್ಟರು. ನಂಬಿಕೆ ಕುರಿತ ವಾದಗಳು ಕೊನೆಗೆ ಬಂದು ನಿಲ್ಲುವುದು ಶವಸಂಸ್ಕಾರದ ಬಳಿ ಎಂಬುದನ್ನು ಆವರ್ತನ ವಿಧಿಗಳ ಅಧ್ಯಯನ ಮಾಡುವವರು ಬಲ್ಲರು. ಮಾತುಬ್ಬರರೂ ಬದುಕಿರುವಾಗಲೇ ಕಾಗದ ಮಾಡಿಟ್ಟಿದ್ದರು. 1985ರ ಮಾರ್ಚ್ 15ರಂದು ಅವರು ತೀರಿಕೊಂಡರು. ಛಾಯಾಚಿತ್ರದ ಕಾರಣಕ್ಕೆ ತಾಯಿಗೆ ಜನಾಜಾ ತಪ್ಪಿದ ಐವತ್ತಮೂರು ವರ್ಷಗಳ ಮೇಲೆ ಮಗನ ದೇಹ ಬರಿಶಾಲದ ಶೇರ್-ಎ-ಬಾಂಗ್ಲಾ ವೈದ್ಯಕೀಯ ಕಾಲೇಜಿಗೆ, ಶರೀರರಚನೆ ಕಲಿಯುವ ವಿದ್ಯಾರ್ಥಿಗಳ ಮೇಜಿಗೆ ಹೋಯಿತು.